ಕೋಟೆಗೆ ನುಗ್ಗಿದವನ ಕೈಗೆ ಕೋಟೆ ಯಾಕೆ ಸಿಗಲಿಲ್ಲ?

ಪ್ರಶ್ನೆ: ಶ್ರೀರಂಗಪಟ್ಟಣದಲ್ಲಿ ಕರ್ನಲ್ ಬೈಲಿ ಬಂದೀಖಾನೆ ನೋಡಿದೆವು. ಟಿಪ್ಪುವಿನ ಸೆರೆಯಲ್ಲಿದ್ದ ಬೇರ್ಡ್ ಅನ್ನುವವನ ಹೆಸರನ್ನೂ ಅಲ್ಲಿ ಹೇಳಿದರು. 1799ರಲ್ಲಿ ಕೋಟೆಗೆ ನುಗ್ಗಿದ ಜನರಲ್ ಬೇರ್ಡ್ ಇವನೇನಾ? ಹಾಗಿದ್ದರೆ ಊರಿನ ಅಧಿಕಾರ ವೆಲ್ಲೆಸ್ಲಿಗೆ ಹೋಗಿದ್ದು ಯಾಕೆ?
- ಮಂಡ್ಯದ ಓದುಗರು

ಉತ್ತರ: ಹೌದು, ಇಬ್ಬರೂ ಒಬ್ಬನೇ. ಸ್ಕಾಟ್ಲೆಂಡಿನ ಡೇವಿಡ್ ಬೇರ್ಡ್. 1780ರ ಸೆಪ್ಟೆಂಬರಿನಲ್ಲಿ ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಬ್ರಿಟಿಷ್ ಕರ್ನಲ್ ಬೈಲಿಯ ಪಡೆಯನ್ನು ಬಗ್ಗುಬಡಿದರಲ್ಲ, ಆಗ ಕ್ಯಾಪ್ಟನ್ ಆಗಿದ್ದ ಬೇರ್ಡ್ ಗಾಯಗೊಂಡು ಸೆರೆಸಿಕ್ಕ. ಬೈಲಿ 1782ರಲ್ಲಿ ಸೆರೆಯಲ್ಲೇ ಸತ್ತ. ಬೇರ್ಡ್ ಹೊರಗೆ ಬಂದದ್ದು ಟಿಪ್ಪು ಮತ್ತು ಬ್ರಿಟಿಷರ ನಡುವೆ ಆದ ಮಂಗಳೂರು ಒಪ್ಪಂದದ ಹೊತ್ತಿಗೆ, 1784ರಲ್ಲಿ.

1799ರ ಮೇ 4ರಂದು ಕೋಟೆಗೆ ನುಗ್ಗುವ ಪಡೆಯ ಮುಂದಾಳತ್ವವನ್ನು ಅವನು ತಾನಾಗಿಯೇ ಕೇಳಿ ಪಡೆದ. ಮಧ್ಯಾಹ್ನದ ಉರಿಬಿಸಿಲಲ್ಲಿ ಕಾವೇರಿ ದಾಟಿ, ಫಿರಂಗಿಗಳು ಒಡೆದಿದ್ದ ಗೋಡೆ ಹತ್ತಲು ಕೆಲವೇ ನಿಮಿಷ ಸಾಕಾಯ್ತು. ಕತ್ತಲಾದ ಮೇಲೆ ದೀಪ ಹಿಡಿಸಿ ಟಿಪ್ಪುವಿನ ದೇಹ ಹುಡುಕಿಸಿದವನೂ ಅವನೇ. ಮರುದಿನವೇ ದಂಡನಾಯಕ ಹ್ಯಾರಿಸ್ ಊರಿನ ಹೊಣೆಯನ್ನು ಅವನಿಗಿಂತ ಕಿರಿಯ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ ಒಪ್ಪಿಸಿದ. ಆರ್ಥರ್‌ನ ಸ್ವಂತ ಅಣ್ಣ ರಿಚರ್ಡ್ ಆಗ ಗವರ್ನರ್ ಜನರಲ್, ಹಾಗಾಗಿ ಅನುಮಾನ ಬರೋದು ಸಹಜ ಅಲ್ವಾ? ಬೇರ್ಡ್‌ಗೂ ಬಂತು, ಬರೆದು ಪ್ರತಿಭಟಿಸಿದ. ಆದರೆ ದಣಿದಿದ್ದೇನೆ, ಬೇರೆಯವರನ್ನು ಕಳಿಸಿ ಎಂದು ಕೇಳಿದ್ದವನು ಅವನೇ ಎಂದು ವೆಲ್ಲೆಸ್ಲಿ ಹೇಳುತ್ತಿದ್ದ. ಸೆರೆಯಲ್ಲಿ ಪಟ್ಟ ಪಾಡಿನಿಂದ ಬೇರ್ಡ್‌ಗೆ ಇಲ್ಲಿನ ಜನರ ಮೇಲೆ ಅಸಮಾಧಾನವಿತ್ತು ಎಂಬುದೂ ವೆಲ್ಲೆಸ್ಲಿಯದೇ ಮಾತು.

ದರ್ಜೆ ನೋಡಿದರೆ ಬೇರ್ಡ್‌ಗೆ ಅನ್ಯಾಯವಾಯ್ತು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಊರಿನವರ ಕಡೆಯಿಂದಲೂ ಒಮ್ಮೆ ನೋಡಬೇಕು. ಆ ರಾತ್ರಿಯಿಡೀ ಗೆದ್ದ ಸೈನಿಕರು ಮನೆಮನೆಗೆ ನುಗ್ಗಿ ದೋಚಿದರು, ಜನ ಜೀವ ಕೈಯಲ್ಲಿ ಹಿಡಿದು ಕೂತಿದ್ದರು, ಮತ್ತು ಅದು ನಿಂತದ್ದು ವೆಲ್ಲೆಸ್ಲಿ ಬಂದು ಲೂಟಿಕೋರರಲ್ಲಿ ನಾಲ್ವರನ್ನು ಗಲ್ಲಿಗೇರಿಸಿದ ಮೇಲೆಯೇ. ನನಗೆ ಇದೇ ಜಾಸ್ತಿ ಮುಖ್ಯ.

ಮುಂದೆ 1801ರಲ್ಲಿ ಭಾರತದ ಸಿಪಾಯಿಗಳೂ ಇದ್ದ ಪಡೆಯನ್ನು ಬೇರ್ಡ್ ಕೆಂಪು ಸಮುದ್ರದ ದಡದಿಂದ ಮರುಭೂಮಿ ದಾಟಿಸಿ ನೈಲ್ ನದಿಗೆ ಮುಟ್ಟಿಸಿದ. ಅವನ ಬದುಕಿನ ದೊಡ್ಡ ಕೆಲಸ ಇದೇ ಅನ್ನಿಸುತ್ತದೆ. 1806ರ ಜನವರಿಯಲ್ಲಿ ಡಚ್ಚರಿಂದ ಕೇಪ್‌ಟೌನ್ ಗೆದ್ದು, ಕೊನೆಗೂ ಒಂದು ಸೀಮೆಯ ಆಡಳಿತ ಕೈಗೆ ಬಂತು. ಆದರೆ ಲಂಡನ್ನಿನ ಒಪ್ಪಿಗೆಯಿಲ್ಲದೆ ಬ್ಯೂನಸ್ ಐರಿಸ್ ದಾಳಿಗೆ ಸೈನಿಕರನ್ನು ಕೊಟ್ಟದ್ದಕ್ಕೆ ಅವನನ್ನು ವಾಪಸ್ ಕರೆಸಿಕೊಂಡರು. 1809ರಲ್ಲಿ ಸ್ಪೇನಿನ ಕೊರುನ್ನಾ ಯುದ್ಧದಲ್ಲಿ ಎಡಗೈ ಹೋಯಿತು. ಅದೇ ವರ್ಷ ಬ್ಯಾರೊನೆಟ್ ಎಂಬ, ವಂಶದಲ್ಲಿ ಮುಂದುವರಿಯುವ ಬ್ರಿಟಿಷ್ ಪದವಿ ಸಿಕ್ಕಿತು. ಆಮೇಲೆ ಕೆಲಕಾಲ ಐರ್ಲೆಂಡಿನ ಸೇನೆಯ ಮುಖ್ಯಸ್ಥನಾಗಿದ್ದು, 1829ರಲ್ಲಿ ಸ್ಕಾಟ್ಲೆಂಡಿನಲ್ಲಿ ತೀರಿಕೊಂಡ.