ಎಚ್-1ಬಿ ವೀಸಾದವರಿಗೆ ಕಾಳ್ಗಿಚ್ಚಿನ ನೆರವು ಸಿಗುವುದಿಲ್ಲವೇ?

ಲಾಸ್ ಏಂಜಲೀಸ್ ಬಳಿಯ ಆಲ್ಟಡೀನಾದಲ್ಲಿದ್ದ ಅಣ್ಣನ ಸ್ವಂತ ಮನೆ ಈಟನ್ ಕಾಳ್ಗಿಚ್ಚಿನಲ್ಲಿ ಸುಟ್ಟುಹೋಗಿದೆ, ಅವರು ಎಚ್-1ಬಿ ವೀಸಾದವರಾದ್ದರಿಂದ (ಅಮೆರಿಕದಲ್ಲಿ ತಾತ್ಕಾಲಿಕವಾಗಿ ಕೆಲಸ ಮಾಡಲು ಕೊಡುವ ವೀಸಾ) ಸರ್ಕಾರದ ನೆರವು ಸಿಗದೆಂದು ಯಾರೋ ಹೇಳಿದ ಮಾತು ನಂಬಿ ಅರ್ಜಿಯನ್ನೇ ಹಾಕಿಲ್ಲ ಎಂದು ಬರೆದಿದ್ದೀರಿ. ನಾನು ಕ್ಯಾಲಿಫೋರ್ನಿಯಾದಲ್ಲಿಯೇ ಇರುವವನು. 2025ರ ಜನವರಿಯ ಆ ಬೆಂಕಿಯ ನಂತರ ಕೆಲವು ಕುಟುಂಬಗಳ ಜತೆ ಕುಳಿತು ಅರ್ಜಿ ತುಂಬಿಸಿದ್ದೇನೆ. ನಿಮಗೆ ಹೇಳಿದ ಮಾತು ಅರ್ಧ ಮಾತ್ರ ನಿಜ.

ಅಮೆರಿಕದ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾ ನೀಡುವ ನಗದು ನೆರವಿಗೆ ಎಚ್-1ಬಿ ವೀಸಾದವರು ಸ್ವಂತ ಹೆಸರಿನಲ್ಲಿ ಅರ್ಹರಲ್ಲ. ಆದರೆ ನಿಮ್ಮ ಅಣ್ಣನ ಮಗ ಅಮೆರಿಕದಲ್ಲಿಯೇ ಹುಟ್ಟಿದವನೆಂದು ನೀವೇ ಹೇಳಿದ್ದೀರಿ. ಹದಿನೆಂಟು ತುಂಬದ, ಅದೇ ಮನೆಯಲ್ಲಿ ವಾಸವಿದ್ದ ಅಮೆರಿಕನ್ ಪ್ರಜೆಯಾದ ಮಗುವಿನ ಪರವಾಗಿ, ಆ ಮಗುವಿನ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ (ಇಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಕೊಟ್ಟು, ತಂದೆ ಅಥವಾ ತಾಯಿ ಅರ್ಜಿ ಹಾಕಬಹುದು. ಗಡುವು ಸಾಮಾನ್ಯವಾಗಿ ವಿಪತ್ತು ಘೋಷಣೆಯಾದ ದಿನದಿಂದ 60 ದಿನ. ಕೆಲವೊಮ್ಮೆ ವಿಸ್ತರಿಸುತ್ತಾರೆ, ಆದರೆ ಅದನ್ನು ನಂಬಿ ಕೂರಬಾರದು. ವಿಮೆ ಭರಿಸುವ ನಷ್ಟಕ್ಕೆ ಫೆಮಾ ಹಣ ಕೊಡುವುದಿಲ್ಲವಾದ್ದರಿಂದ, ವಿಮಾ ಕಂಪನಿಯ ಪತ್ರ ಬರುವ ಮೊದಲು ಅರ್ಜಿ ತಿರಸ್ಕೃತವಾಗುವುದು ತೀರಾ ಸಾಮಾನ್ಯ. ಅಂತಹ ಪತ್ರ ಬಂದರೆ ಎದೆಗುಂದದೆ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಲಿ. ಆಶ್ರಯ, ಊಟ, ಮಾನಸಿಕ ಆರೋಗ್ಯದ ಸಮಾಲೋಚನೆ ಮುಂತಾದವುಗಳಿಗೆ ವೀಸಾದ ಪ್ರಶ್ನೆಯೇ ಬರುವುದಿಲ್ಲ. 211 ಎಂಬ ಸಹಾಯವಾಣಿಗೆ ಕರೆ ಮಾಡಿದರೆ ಹತ್ತಿರದಲ್ಲಿ ಏನೇನಿದೆಯೆಂದು ತಿಳಿಸುತ್ತಾರೆ.

ನನ್ನ ಅಭಿಪ್ರಾಯದಲ್ಲಿ ನಿಮ್ಮ ಅಣ್ಣ ಹೆಚ್ಚು ಗಮನ ಕೊಡಬೇಕಾದದ್ದು ವಿಮೆಗೆ, ಏಕೆಂದರೆ ದೊಡ್ಡ ಮೊತ್ತ ಬರುವುದು ಅಲ್ಲಿಂದಲೇ. ತುರ್ತು ಪರಿಸ್ಥಿತಿ ಘೋಷಣೆಯಾದ ಪ್ರದೇಶದಲ್ಲಿ ಮನೆ ಪೂರ್ತಿ ನಾಶವಾಗಿದ್ದರೆ, ಸಾಮಾನುಗಳ ವಿವರವಾದ ಪಟ್ಟಿ ಕೇಳದೆಯೇ, ಕಟ್ಟಡದ ವಿಮಾ ಮೊತ್ತದ ಶೇ. 30ರಷ್ಟನ್ನು, ಗರಿಷ್ಠ 2,50,000 ಡಾಲರ್‌ವರೆಗೆ, ಸಾಮಾನುಗಳ ಬಾಬ್ತು ಕೊಡಬೇಕೆಂದು 2025ರಲ್ಲಿ ಆ ಬೆಂಕಿಯ ಹೊತ್ತಿಗೆ ಇದ್ದ ಕ್ಯಾಲಿಫೋರ್ನಿಯಾದ ಕಾನೂನು ಹೇಳುತ್ತಿತ್ತು. ಬೇರೆ ಕಡೆ ಬಾಡಿಗೆಗಿರುವ ಹೆಚ್ಚುವರಿ ಖರ್ಚನ್ನೂ, ಪಾಲಿಸಿಯ ಮಿತಿಯೊಳಗೆ, ಕನಿಷ್ಠ 24 ತಿಂಗಳು ಕೇಳಬಹುದು. ಮೇಲೆ ಹೇಳಿದ ಶೇ. 30ಕ್ಕೂ ಮೀರಿ ಸಾಮಾನಿನ ಹಣ ಬೇಕೆಂದರೆ ಪಟ್ಟಿ ಮಾಡಲೇಬೇಕು. ಹುಟ್ಟುಹಬ್ಬದ, ಗೊಂಬೆಹಬ್ಬದ ಫೋಟೊಗಳನ್ನು ನಿಮ್ಮ ವಾಟ್ಸ್ಆ್ಯಪ್‌ನಲ್ಲಿಯೂ ಹುಡುಕಿ ಕಳುಹಿಸಿ. ಹಿಂದೆ ಕಾಣುವ ಟಿ.ವಿ., ಸೋಫಾ, ದೇವರಮನೆಯ ಬೆಳ್ಳಿ ದೀಪ, ಊರಿಂದ ಹೊತ್ತೊಯ್ದ ವೆಟ್ ಗ್ರೈಂಡರ್ ಎಲ್ಲವೂ ಪಟ್ಟಿಗೆ ಸೇರುತ್ತವೆ. ಊರಿನಲ್ಲಿ ಕುಳಿತು ನೀವು ಮಾಡಬಹುದಾದ ನಿಜವಾದ ಸಹಾಯ ಇದೇ. ಪಾಲಿಸಿಯ ಭಾಷೆ ಅರ್ಥವಾಗದಿದ್ದರೆ ಸ್ಯಾನ್ ಫ್ರಾನ್ಸಿಸ್ಕೋದ ಯುನೈಟೆಡ್ ಪಾಲಿಸಿಹೋಲ್ಡರ್ಸ್ ಎಂಬ ಸಂಸ್ಥೆ ಉಚಿತವಾಗಿ ಮಾರ್ಗದರ್ಶನ ನೀಡುತ್ತದೆ.

ಕನ್ನಡ ಸಂಘದವರಿಗೂ ಹೇಳಿಡಿ. ಕೆಲವು ವಾರ ಇರಲು ಕೋಣೆ, ಓಡಾಡಲು ಕಾರು ಸಿಗುವುದು ಹೆಚ್ಚಾಗಿ ಅಂತಹ ಪರಿಚಯದಿಂದಲೇ.

ಪಾಸ್‌ಪೋರ್ಟ್ ಸುಟ್ಟಿದ್ದರೆ ಭಾರತೀಯ ಕಾನ್ಸುಲೇಟ್ ಮೂಲಕ ಹೊಸದಕ್ಕೆ ಅರ್ಜಿ ಹಾಕಬೇಕು. ಅಮೆರಿಕ ಪ್ರವೇಶಿಸಿದ್ದನ್ನು ತೋರಿಸುವ ಐ-94 ದಾಖಲೆಯನ್ನು ಸರ್ಕಾರಿ ಜಾಲತಾಣದಿಂದ ಮತ್ತೆ ಮುದ್ರಿಸಿಕೊಳ್ಳಬಹುದು, ಎಚ್-1ಬಿ ಮಂಜೂರಾತಿ ಪತ್ರದ ಪ್ರತಿ ಸಾಮಾನ್ಯವಾಗಿ ಕಂಪನಿಯ ವಕೀಲರ ಬಳಿ ಇರುತ್ತದೆ.