ಇಪ್ಪತ್ತು ತುಂಬುವ ಮೊದಲೇ ಪುಸ್ತಕ ಬರಬೇಕಾ?

ನಿಮಗೆ 19. ಹದಿಹರೆಯದವರಿಗಾಗಿ ಬರೆದ ಮೊದಲ ಕಾದಂಬರಿಗೆ ಕರಾರು ಬಂದಿದೆ, ಈ ವಾರವೇ ಸಹಿ ಕೇಳುತ್ತಿದ್ದಾರೆ. ಇಪ್ಪತ್ತು ತುಂಬುವ ಮೊದಲೇ ಪುಸ್ತಕ ಬರಬೇಕು, ಹದಿಹರೆಯದಲ್ಲೇ ಮೊದಲ ಕಾದಂಬರಿ ತಂದ ಅಮೆರಿಕದ ಲೇಖಕಿ ಹಿಂಟನ್ ಥರ, ಕಾಲೇಜು ಬಿಟ್ಟು ಬರವಣಿಗೆಗೇ ಇಳಿಯಲಾ ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ಕೆಂದಿತು. ಇದು ನಾನೇ. ಹನ್ನೆರಡು ವರ್ಷ ಹಿಂದಿನ ನಾನು.

ನಾನು ಶುರು ಮಾಡಿದ್ದು 17ಕ್ಕೆ, ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ. ಹದಿನಾರರ ಹುಡುಗಿಯೊಬ್ಬಳ ಕಥೆ. ಆಪ್ತ ಗೆಳತಿ ಅವಳ ಜೊತೆ ಮಾತು ಬಿಟ್ಟಿದ್ದಾಳೆ, ಯಾಕೆ ಅಂತ ಇವಳಿಗೆ ಗೊತ್ತಿಲ್ಲ. ಅಷ್ಟೇ. ಎರಡು ವರ್ಷ, ನಾಲ್ಕು ಕರಡು. ಕೊನೆಗೆ ಒಬ್ಬ ಪ್ರಕಾಶಕರು ಒಪ್ಪಿದರು. "ಲೇಖಕಿಗೆ 19 ಅಂತ ಬೆನ್ನುಪುಟದಲ್ಲಿ ಹಾಕೋಣ, ಬೇಗ ಸಹಿ ಮಾಡಿ" ಅಂದರು. ನನಗೂ ಅದೇ ಬೇಕಿತ್ತು.

ಕರಾರು 11 ಪುಟ. ನಾನು ಓದಿದ್ದು ಎರಡೇ. ಒಂದರಲ್ಲಿ ನನ್ನ ಹೆಸರಿತ್ತು, ಇನ್ನೊಂದರಲ್ಲಿ ಅಡ್ವಾನ್ಸ್ ಮೊತ್ತ. (ಅಡ್ವಾನ್ಸ್ ಬಹುಮಾನ ಅಲ್ಲ, ಮುಂದೆ ಬರುವ ರಾಯಲ್ಟಿಯಲ್ಲಿ, ಅಂದರೆ ಮಾರಾಟದ ಹಣದಲ್ಲಿ ಲೇಖಕರಿಗೆ ಸಿಗುವ ಪಾಲಿನಲ್ಲಿ, ಅದನ್ನು ಮುರಿದುಕೊಳ್ಳುತ್ತಾರೆ. ಇದೂ ನನಗೆ ಮೊದಲ ಲೆಕ್ಕಪತ್ರ ಬಂದಾಗಲೇ ತಿಳಿದದ್ದು.)

ನಾನು ಕೆಟ್ಟಿದ್ದು ಒಂಬತ್ತನೇ ಪುಟದಲ್ಲಿ. ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಪುಸ್ತಕ "ಮುದ್ರಣದಲ್ಲಿ ಇಲ್ಲ" ಅಂತಾದರೆ ಅದನ್ನು ಪ್ರಕಟಿಸುವ ಹಕ್ಕು ಲೇಖಕರಿಗೆ ಮರಳುತ್ತದೆ ಅಂತ ಅಲ್ಲಿ ಬರೆದಿತ್ತು. ಚೆನ್ನಾಗಿದೆ ಅಲ್ವಾ? ಅದರ ಕೆಳಗಿನ ಸಾಲಿನಲ್ಲಿ ಆ ಮಾತಿನ ಅರ್ಥ ಇತ್ತು. ಯಾವುದೇ ರೂಪದಲ್ಲಿ ಕೊಳ್ಳಲು ಸಿಗುವ ತನಕ ಪುಸ್ತಕ ಮುದ್ರಣದಲ್ಲಿದೆ ಎಂದೇ ಲೆಕ್ಕ. ಯಾವುದೇ ರೂಪ ಅಂದರೆ ಇ-ಬುಕ್ ಕೂಡ ಸೇರಿತು. ಇ-ಬುಕ್ಕಿಗೆ ಕಾಗದ ಬೇಡ, ಗೋದಾಮು ಬೇಡ, ಅದು ಮುಗಿದುಹೋಗುವ ಮಾಲೇ ಅಲ್ಲ. ಇ-ಬುಕ್ ಮುಗಿಯುವುದಿಲ್ಲ, ಹಾಗಾಗಿ ಪುಸ್ತಕ ಮುದ್ರಣದಿಂದ ಹೊರಗೆ ಹೋಗುವುದಿಲ್ಲ, ಹಾಗಾಗಿ ಹಕ್ಕು ಮರಳುವುದಿಲ್ಲ. ಈ ಮೂರು ಮೆಟ್ಟಿಲನ್ನು ಆವತ್ತು ನಾನು ಇಳಿದು ನೋಡಲೇ ಇಲ್ಲ.

ಎರಡು ವರ್ಷಕ್ಕೆ ಅಚ್ಚಾದ ಪ್ರತಿಗಳು ಖಾಲಿಯಾದವು. ಮರುಮುದ್ರಣ ಆಗಲಿಲ್ಲ. ಇನ್ನೂ ಕೆಲವು ವರ್ಷ ಕಳೆದ ಮೇಲೆ ಬೇರೊಬ್ಬ ಪ್ರಕಾಶಕರು ಬಂದರು. ಅದೇ ಹುಡುಗಿಯ ಕಥೆ ಮುಂದುವರಿಸಿ, ಒಟ್ಟು ಮೂರು ಪುಸ್ತಕ ಮಾಡೋಣ, ಮೊದಲನೆಯದನ್ನೂ ನಮಗೇ ಕೊಡಿ ಅಂದರು. ಕುಣಿದಾಡಿಬಿಟ್ಟೆ. ಹಳಬರಿಗೆ ಪತ್ರ ಬರೆದೆ. ಬಂದ ಉತ್ತರ ಒಂದೇ ಸಾಲು: ಪುಸ್ತಕ ಮಾರಾಟದಲ್ಲಿದೆ. ಆ ಆರು ತಿಂಗಳಲ್ಲಿ ಹೋಗಿದ್ದು 3 ಇ-ಪ್ರತಿ. ಅದರಲ್ಲಿ ಒಂದನ್ನು ಕೊಂಡವಳು ನಾನೇ, ನಿಜವಾಗಿಯೂ ಸಿಗುತ್ತಾ ಅಂತ ನೋಡೋಕೆ. ಮೊದಲ ಪುಸ್ತಕ ಇಲ್ಲದೆ ಉಳಿದೆರಡು ಬೇಡ ಅಂತ ಹೊಸಬರು ಹಿಂದೆ ಸರಿದರು.

ಕರಾರಿನಲ್ಲಿ ಇರಬೇಕಾಗಿದ್ದದ್ದು ಒಂದೇ ವಾಕ್ಯ. 12 ತಿಂಗಳಲ್ಲಿ ಇಂತಿಷ್ಟು ಪ್ರತಿಗಿಂತ ಕಡಿಮೆ ಮಾರಾಟವಾದರೆ ಪುಸ್ತಕ ಮುದ್ರಣದಲ್ಲಿಲ್ಲ ಎಂದು ಲೆಕ್ಕ, ಲೇಖಕಿ ಪತ್ರ ಬರೆದರೆ ಹಕ್ಕು ವಾಪಸ್. ಬರೀ ಹಕ್ಕು ಮರಳುತ್ತದೆ ಅಂತಿದ್ದರೆ ಸಾಲದು, ಸಂಖ್ಯೆ ಬೇಕು. ಕೇಳಿದ್ದರೆ ಸೇರಿಸುತ್ತಿದ್ದರೋ ಏನೋ. ನಾನು ಕೇಳಲೇ ಇಲ್ಲ, ಯಾಕೆಂದರೆ ಕೇಳಿದರೆ ತಡ ಆಗುತ್ತೆ, ತಡ ಆದರೆ ನನಗೆ 20 ಆಗಿಬಿಡುತ್ತೆ!

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಇಪ್ಪತ್ತರ ಗಡುವು ಯಾರು ಹಾಕಿದ್ದು? ಹದಿನಾಲ್ಕರ ಓದುಗರು ಬೆನ್ನುಪುಟದ ವಯಸ್ಸು ನೋಡುವುದಿಲ್ಲ. ಅದನ್ನು ನೋಡುವವರು ದೊಡ್ಡವರು. ಎಸ್. ಇ. ಹಿಂಟನ್ ಅವರ ಮೊದಲ ಕಾದಂಬರಿ 1967ರಲ್ಲಿ ಬಂದಾಗ ಅವರಿಗೆ 18, ನಿಜ. ಆಮೇಲಿನದು ಯಾಕೋ ಯಾರೂ ಹೇಳುವುದಿಲ್ಲ. ಹೆಸರು ಬಂದ ಮೇಲೆ ಅವರಿಗೆ ಬರೆಯೋಕೇ ಆಗಲಿಲ್ಲ. ದಿನಕ್ಕೆ 2 ಪುಟ ಬರೆಯಲೇಬೇಕು ಅಂತ ಗೆಳೆಯ ಪಟ್ಟು ಹಿಡಿದ ಮೇಲೆ ಎರಡನೇ ಪುಸ್ತಕ ಆಯಿತು, ಅದು ಬಂದಿದ್ದು 1971ರಲ್ಲಿ. ನಡುವೆ, 1970ರಲ್ಲಿ, ಅವರು ಪದವಿ ಮುಗಿಸಿದ್ದರು. ಕಾಲೇಜಿನ ಪ್ರಶ್ನೆಗೆ ನನ್ನ ಉತ್ತರವೂ ಅಷ್ಟೇ, ಬಿಡಬೇಡಿ.

ಇನ್ನೊಂದು. ನನ್ನ ಪುಸ್ತಕ ಓದಿ 15ರ ಹುಡುಗಿಯೊಬ್ಬಳು ಪತ್ರ ಬರೆದಿದ್ದಳು: "ಅಕ್ಕ, ಗೆಳತಿ ನಿಜ, ಅಮ್ಮ ಸುಳ್ಳು." ಸರಿಯಾಗೇ ಹೇಳಿದ್ದಳು. ಹದಿಹರೆಯದವರ ಕಥೆ ಆ ವಯಸ್ಸಿನ ಕಣ್ಣಿನಿಂದಲೇ ಕಾಣಬೇಕು, ದೊಡ್ಡವರಾಗಿ ಹಿಂದಿರುಗಿ ನೋಡಿ ಬುದ್ಧಿ ಹೇಳುವಂತಿರಬಾರದು. ಅದು ನನಗೆ 19ಕ್ಕೇ ಬರುತ್ತಿತ್ತು. ಆದರೆ ಅಮ್ಮ ಅಂದರೆ ಬಾಗಿಲ ಬಳಿ ನಿಂತು ಬೈಯುವ ದನಿ ಅಂದುಕೊಂಡಿದ್ದೆ. ಇನ್ನೊಂದು ವರ್ಷ ಆ ಕರಡನ್ನು ಡ್ರಾಯರಿನಲ್ಲಿ ಇಟ್ಟಿದ್ದರೆ ಆ ಅಮ್ಮ ಒಮ್ಮೆಯಾದರೂ ಕೂತು ಮಾತಾಡುತ್ತಿದ್ದಳು.

ಸಹಿಗೆ ಒಂದು ತಿಂಗಳು ಟೈಮ್ ಕೇಳಿ. ಕೊಡದಿದ್ದರೆ ಅದೇ ಒಂದು ಉತ್ತರ. ಅಷ್ಟರಲ್ಲಿ "ಮುದ್ರಣದಲ್ಲಿ" ಅನ್ನುವ ಪದ ನಿಮ್ಮ ಕರಾರಿನಲ್ಲಿ ಎಲ್ಲಿದೆ ಹುಡುಕಿ, ಅದರ ಕೆಳಗಿನ ಸಾಲನ್ನು ಇಲ್ಲಿ ಟೈಪ್ ಮಾಡಿ ಹಾಕಿ. ನಾನು ಓದುತ್ತೇನೆ.