ಪಕ್ಕದ ವೈರ್‌ನ ಕಾಟ: ಚಿಪ್ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ, ಕೊನೆಯ ವರ್ಷ. ಪ್ರಾಜೆಕ್ಟ್‌ಗೆ ಒಂದು ಚಿಕ್ಕ ಪ್ರೊಸೆಸರ್‌ನ ಲೇಔಟ್ ಮಾಡಿದ್ದೇವೆ. ಟೈಮಿಂಗ್ (ಸಿಗ್ನಲ್‌ಗಳು ಹೊತ್ತಿಗೆ ಸರಿಯಾಗಿ ತಲುಪುತ್ತವೆಯಾ ಅನ್ನುವ ಪರೀಕ್ಷೆ) ಪೂರ್ತಿ ಪಾಸ್ ಆಗಿತ್ತು. ಕ್ರಾಸ್‌ಟಾಕ್, ಅಂದರೆ ಒಂದು ವೈರ್‌ನ ಸಿಗ್ನಲ್ ಪಕ್ಕದ ವೈರ್‌ಗೆ ಕೊಡುವ ಕಾಟ, ಸೇರಿಸಿ ಮತ್ತೆ ರನ್ ಮಾಡಿದರೆ ನೂರಾರು ವಯೊಲೇಷನ್ ಬಂದವು. ಎಲ್ಲ ವೈರ್‌ಗಳ ಸ್ಪೇಸಿಂಗ್ ಡಬಲ್ ಮಾಡೋಣ ಅಂದ್ರೆ ರೂಟಿಂಗ್‌ಗೆ ಜಾಗವೇ ಸಾಲುತ್ತಿಲ್ಲ. ಏನು ಮಾಡಲಿ?

ಉತ್ತರ: ಎಲ್ಲವನ್ನೂ ದೂರ ಸರಿಸಲು ಹೋಗಬೇಡಿ. ಯಾವ ವೈರ್‌ಗೆ ನಿಜವಾಗಿ ಪೆಟ್ಟು ಬೀಳುತ್ತಿದೆ, ಯಾವ ಹೊತ್ತಿನಲ್ಲಿ ಬೀಳುತ್ತಿದೆ, ಅದನ್ನು ಮೊದಲು ಹುಡುಕಿ. ಒಂದೇ ವೈರ್ ಹತ್ತಾರು ಪಾತ್‌ಗಳಲ್ಲಿ (ಸಿಗ್ನಲ್ ಸಾಗುವ ದಾರಿಗಳಲ್ಲಿ) ಬರುತ್ತದೆ. ಹಾಗಾಗಿ ರಿಪೋರ್ಟ್ ಉದ್ದ ಕಾಣುತ್ತದೆ. ನೆಟ್ (ಅಂದರೆ ವೈರ್) ಹೆಸರಿನ ಪ್ರಕಾರ ಜೋಡಿಸಿ ನೋಡಿ, ಪಟ್ಟಿ ಎಷ್ಟು ಚಿಕ್ಕದಾಗುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ಕಾಟ ಎಲ್ಲಿಂದ ಶುರುವಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಹಳೆಯ ಚಿಪ್‌ಗಳಲ್ಲಿ ವೈರ್ ಅಗಲವಾಗಿ ಚಾಪೆಯ ಹಾಗೆ ಮಲಗಿರುತ್ತಿತ್ತು. ಚಿಪ್ ಕುಗ್ಗುತ್ತಾ ಬಂದ ಹಾಗೆ ಅಗಲ ಕಡಿಮೆ ಮಾಡಿದರು. ಎತ್ತರವನ್ನೂ ಅಷ್ಟೇ ಕಡಿಮೆ ಮಾಡಿದರೆ ರೆಸಿಸ್ಟೆನ್ಸ್ ಮಿತಿಮೀರುತ್ತದೆ. ಅದಕ್ಕೆ ಎತ್ತರವನ್ನು ಅಷ್ಟಾಗಿ ಇಳಿಸಲಿಲ್ಲ. ಈಗಿನ ವೈರ್ ಅಂಚಿನ ಮೇಲೆ ನಿಲ್ಲಿಸಿದ ಹಲಗೆಯ ಹಾಗಿದೆ, ಎತ್ತರ ಅಗಲದ ಎರಡರಷ್ಟು ಇರುವುದೂ ಉಂಟು. ಪಕ್ಕದಲ್ಲೇ ಇನ್ನೊಂದು ಹಲಗೆ. ಎರಡೂ ಮುಖಾಮುಖಿ ನಿಂತರೆ ಅದೇ ಕೆಪಾಸಿಟರ್ ಅಲ್ವಾ? ವಠಾರದಲ್ಲಿ ಒಂದೇ ಗೋಡೆ ಹಂಚಿಕೊಂಡ ಮನೆಗಳಿದ್ದ ಹಾಗೆ. ಆಚೆ ಮನೆಯಲ್ಲಿ ಒರಳು ಕುಟ್ಟಿದರೆ ಈಚೆ ಮನೆಯ ಗೂಡಿನಲ್ಲಿಟ್ಟ ಲೋಟ ಅಲುಗುತ್ತದೆ.

ಒಂದು ಲೆಕ್ಕ ಮಾಡೋಣ. ಚಿಪ್‌ನೊಳಗಿನ ಒಂದು ಮಿಲಿಮೀಟರ್ ವೈರ್‌ಗೆ ಸುಮಾರು 200 ಫೆಮ್ಟೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. ಅದರಲ್ಲಿ ಎರಡೂ ಪಕ್ಕಕ್ಕೆ 70, 70 ಅಂತಿಟ್ಟುಕೊಳ್ಳಿ. ಮಿಕ್ಕ 60 ಮೇಲೆ ಕೆಳಗೆ. ಅಕ್ಕಪಕ್ಕದ ವೈರ್‌ಗಳು ಸುಮ್ನೆ ಇದ್ದರೆ ನಿಮ್ಮ ಡ್ರೈವರ್‌ಗೆ (ವೈರ್ ಅನ್ನು 0ಗೋ 1ಕ್ಕೋ ಎಳೆಯುವ ಗೇಟ್‌ಗೆ) 200ರ ಹೊರೆ. ಅವೆರಡೂ ನಿಮ್ಮ ವೈರ್ ಜೊತೆಗೇ ಒಂದೇ ದಿಕ್ಕಿಗೆ ಬದಲಾದರೆ ಹೊರೆ 60 ಮಾತ್ರ. ಎದುರು ದಿಕ್ಕಿಗೆ ಬದಲಾದರೆ ಪಕ್ಕದ ಹೊರೆ ಎರಡರಷ್ಟಾಗಿ ಒಟ್ಟು 340! ಅದೇ ವೈರ್, ಅದೇ ಡ್ರೈವರ್. ನಿಮ್ಮ ಸೆಟಪ್, ಅಂದರೆ ಸಿಗ್ನಲ್ ತಡವಾಗಬಾರದು ಅನ್ನುವ ನಿಯಮ, ಮುರಿದದ್ದು ಈ 340ರಿಂದ. ಹೋಲ್ಡ್, ಅಂದರೆ ಅತಿ ಬೇಗ ಬರಬಾರದು ಅನ್ನುವ ನಿಯಮ, ಮುರಿದಿದ್ದರೆ ಆ 60ರಿಂದ.

ಎರಡೂ ಒಂದೇ ಹೊತ್ತಿಗೆ ಬದಲಾದರೆ ಮಾತ್ರ ಈ ಪೆಟ್ಟು ಅನ್ನುವುದನ್ನು ಮರೆಯಬೇಡಿ. ಪಕ್ಕದ ವೈರ್ ಕ್ಲಾಕ್‌ನ ಶುರುವಿನಲ್ಲಿ ಬದಲಾಗಿ, ನಿಮ್ಮದು ಕೊನೆಯಲ್ಲಿ ಬದಲಾದರೆ ಡಿಲೇಗೆ ಏನೂ ಆಗುವುದಿಲ್ಲ. ಟೂಲ್ ಇದನ್ನು ಟೈಮಿಂಗ್ ವಿಂಡೋ (ಯಾವ ವೈರ್ ಯಾವ ಹೊತ್ತಿನೊಳಗೆ ಬದಲಾಗಬಹುದು ಅನ್ನುವುದು) ನೋಡಿ ತೀರ್ಮಾನಿಸುತ್ತದೆ. ನಿಮ್ಮ ಕ್ಲಾಕ್‌ಗಳನ್ನೂ ಇನ್‌ಪುಟ್ ಡಿಲೇಗಳನ್ನೂ ಸರಿಯಾಗಿ ಬರೆಯದಿದ್ದರೆ ಎಲ್ಲರೂ ಯಾವಾಗ ಬೇಕಾದರೂ ಬದಲಾಗಬಹುದು ಅಂದುಕೊಂಡು ಅದು ಇಲ್ಲದ ಕಾಟವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ನಾನು ಮೊದಲು ನೋಡುವುದೇ ಇದನ್ನು.

ಆಮೇಲೂ ಉಳಿದ ವೈರ್‌ಗಳಿಗೆ ಔಷಧಿ ಕೊಡಿ. ನನ್ನ ಮೊದಲ ಆಯ್ಕೆ ಬಫರ್, ಅಂದರೆ ಸಿಗ್ನಲ್‌ಗೆ ಮತ್ತೆ ಬಲ ಕೊಟ್ಟು ಮುಂದೆ ಕಳಿಸುವ ಪುಟ್ಟ ಗೇಟ್. ಉದ್ದ ವೈರ್‌ನ ನಡುವೆ ಒಂದು ಬಫರ್ ಇಟ್ಟರೆ ಪ್ರತಿ ತುಂಡಿಗೂ ತಗಲುವ ಪಕ್ಕದ ಕಾಟ ಅರ್ಧವಾಗುತ್ತದೆ, ಹಿಡಿದು ನಿಲ್ಲಿಸುವ ಕೈಯೂ ಹತ್ತಿರ ಬರುತ್ತದೆ. ಜಾಗವಿದ್ದರೆ ಆ ಒಂದು ವೈರ್‌ಗೆ ಮಾತ್ರ ಡಬಲ್ ಸ್ಪೇಸಿಂಗ್. ಅಲ್ಲಿ ಕಪ್ಲಿಂಗ್ (ಪಕ್ಕದ ಕೆಪಾಸಿಟೆನ್ಸ್) ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಮೂರು ಪಟ್ಟು ನಾಲ್ಕು ಪಟ್ಟು ಸರಿಸಿದರೆ ಮತ್ತೆ ಅಷ್ಟು ಲಾಭವಿಲ್ಲ. ಡ್ರೈವರ್ ದೊಡ್ಡದು ಮಾಡುವಾಗ ಹುಷಾರು. ಗಟ್ಟಿಯಾದವನು ಪಕ್ಕದವನಿಗೆ ತಾನೇ ಕಾಟ ಕೊಡುತ್ತಾನೆ. ಎಷ್ಟೋ ಸಲ ಕಾಟ ಕೊಡುವ ವೈರ್‌ಗೇ ಅವಸರ ಇರುವುದಿಲ್ಲ. ಅದರ ಡ್ರೈವರ್ ಅನ್ನು ಒಂದು ಸೈಜ್ ಚಿಕ್ಕದು ಮಾಡಿ ನೋಡಿ. ಕ್ಲಾಕ್ ಪಕ್ಕಕ್ಕೆ ಗ್ರೌಂಡ್ ವೈರ್ ಶೀಲ್ಡ್ ಹಾಕಿ, ಆದರೆ ಅದನ್ನು ಉದ್ದಕ್ಕೂ ಅಲ್ಲಲ್ಲಿ ವಯಾ (ಲೇಯರ್‌ಗಳನ್ನು ಜೋಡಿಸುವ ಕಂಬ) ಕೊಟ್ಟು ಗ್ರೌಂಡ್‌ಗೆ ಕಟ್ಟಬೇಕು. ಕಟ್ಟದೆ ಬಿಟ್ಟ ಶೀಲ್ಡ್ ಈಚೆಯ ಗದ್ದಲವನ್ನು ಆಚೆಗೆ ದಾಟಿಸುತ್ತದೆ ಅಷ್ಟೇ.

ಇಷ್ಟಕ್ಕೇ ನಿಲ್ಲಿಸಬೇಡಿ. ನಿಮ್ಮ ರೀಸೆಟ್ ನೆಟ್ (ಚಿಪ್ ಅನ್ನು ಮೊದಲಿನ ಸ್ಥಿತಿಗೆ ತರುವ ಸಿಗ್ನಲ್‌ನ ವೈರ್) ಈ ರಿಪೋರ್ಟ್‌ನಲ್ಲಿ ಇದೆಯಾ ನೋಡಿ.

ನಾನು ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. 90 ನ್ಯಾನೋಮೀಟರ್‌ನ ನಮ್ಮ ಚಿಪ್ ಫ್ಯಾಬ್‌ನಿಂದ, ಅಂದರೆ ಚಿಪ್ ತಯಾರಿಸುವ ಕಾರ್ಖಾನೆಯಿಂದ, ಬಂತು. ಲ್ಯಾಬ್‌ನಲ್ಲಿ ಬೋರ್ಡ್ ಮೇಲೆ ಕೂರಿಸಿದರೆ ಎರಡು ಮೂರು ಗಂಟೆಗೊಮ್ಮೆ ಒಂದು ಬ್ಲಾಕ್ ತಾನಾಗಿ ರೀಸೆಟ್ ಆಗುತ್ತಿತ್ತು. ಸಾಫ್ಟ್‌ವೇರ್ ತಪ್ಪು ಅಂದುಕೊಂಡು ಒಂದು ವಾರ ಕಳೆದೆವು. ಒಬ್ಬರು ಚಿಪ್ ಮೇಲೆ ಫ್ರೀಜ್ ಸ್ಪ್ರೇ ಹೊಡೆದರು. ನಿಮಿಷಕ್ಕೊಮ್ಮೆ ಆಗತೊಡಗಿತು. ವೋಲ್ಟೇಜ್ ಸ್ವಲ್ಪ ಏರಿಸಿದರೆ ಇನ್ನೂ ಜಾಸ್ತಿ. ತಂಪಾದಾಗ, ವೋಲ್ಟೇಜ್ ಏರಿದಾಗ ಟ್ರಾನ್ಸಿಸ್ಟರ್ ಚುರುಕಾಗುತ್ತದೆ, ಸಿಗ್ನಲ್‌ಗಳ ಅಂಚು ಚೂಪಾಗುತ್ತದೆ. ಇದು ಸಾಫ್ಟ್‌ವೇರ್ ಅಲ್ಲ, ಪಕ್ಕದ ವೈರ್‌ನ ಕೆಲಸ ಅಂತ ಆಗ ಅನುಮಾನ ಬಂತು. ಆ ಬ್ಲಾಕ್‌ನ 32 ಬಿಟ್ ಬಸ್ ಮೇಲೆ ಬೇರೆ ಬೇರೆ ಪ್ಯಾಟರ್ನ್ ಓಡಿಸುತ್ತಾ ಕೂತೆವು. ರಾತ್ರಿ ಹನ್ನೊಂದರ ಹೊತ್ತಿಗೆ ಸಿಕ್ಕಿತು. 17 ಮತ್ತು 18ನೇ ಬಿಟ್ ಒಟ್ಟಿಗೆ 1ರಿಂದ 0ಗೆ ಇಳಿದಾಗ ಮಾತ್ರ ರೀಸೆಟ್. ಲೇಔಟ್ ತೆರೆದು ನೋಡಿದರೆ ಅವೆರಡರ ನಡುವೆ ರೀಸೆಟ್ ವೈರ್, 1.4 ಮಿಲಿಮೀಟರ್ ಉದ್ದಕ್ಕೆ ಒತ್ತಿಕೊಂಡು ಹೋಗಿತ್ತು. ಆ ವೈರ್ 0ಗೆ ಇಳಿದರೆ ರೀಸೆಟ್. ಅದನ್ನು 1ರಲ್ಲಿ ಹಿಡಿದಿಟ್ಟಿದ್ದದ್ದು ದೂರದ ತುದಿಯಲ್ಲಿದ್ದ, ಲೈಬ್ರರಿಯಲ್ಲೇ ಅತಿ ಚಿಕ್ಕ ಬಫರ್.

ರೀಸೆಟ್ ಒಮ್ಮೆ ಏರಿ ಸುಮ್ನೆ ಇರುವ ಸಿಗ್ನಲ್, ಅದಕ್ಕೆ ಟೈಮಿಂಗ್ ಇಲ್ಲ, ನಾಯ್ಸ್ ಚೆಕ್ ಯಾಕೆ ಅಂತ ಸ್ಕ್ರಿಪ್ಟ್‌ನಲ್ಲಿ ಒಂದು ಸಾಲು ಬರೆದು ಬಿಟ್ಟುಬಿಡಲಾಗಿತ್ತು. ಆ ಸಾಲು ಬರೆದವಳು ನಾನು. ಸುಮ್ನೆ ಇರುವ ವೈರ್‌ಗೇ ಹೆಚ್ಚು ಅಪಾಯ. ಡೇಟಾ ವೈರ್‌ನಲ್ಲಿ ಗ್ಲಿಚ್ (ಪಕ್ಕದ ಕಾಟದಿಂದ ಬರುವ ಕ್ಷಣದ ಜಿಗಿತ) ಬಂದರೆ ಮುಂದಿನ ಕ್ಲಾಕ್ ಅಂಚಿನೊಳಗೆ ಅದು ಇಳಿದುಹೋಗಬಹುದು. ರೀಸೆಟ್ ಕ್ಲಾಕ್‌ಗೆ ಕಾಯುವುದಿಲ್ಲ. ಕ್ಷಣಮಾತ್ರದ ಗ್ಲಿಚ್ ಸಾಕು, ಫ್ಲಿಪ್‌ಫ್ಲಾಪ್ (ಒಂದು ಬಿಟ್ ಹಿಡಿದಿಡುವ ಸರ್ಕ್ಯೂಟ್) ಅಳಿಸಿಹೋಗುತ್ತದೆ. ಚಿಪ್‌ನಲ್ಲಿ ಮೊದಲೇ ಬಿಟ್ಟಿದ್ದ ಸ್ಪೇರ್ ಬಫರ್ ಒಂದನ್ನು ನಡುವೆ ಸೇರಿಸಿ, ವೈರ್ ಅನ್ನು ಗ್ರೌಂಡ್ ಪಟ್ಟಿಯ ಪಕ್ಕಕ್ಕೆ ಸರಿಸಿ, ಮೆಟಲ್ ಮಾಸ್ಕ್‌ಗಳನ್ನಷ್ಟೇ (ವೈರ್‌ಗಳ ಅಚ್ಚುಗಳನ್ನಷ್ಟೇ) ಬದಲಿಸಿ ಮತ್ತೆ ಮಾಡಿಸಿದೆವು. ರೀಸೆಟ್, ಸ್ಕ್ಯಾನ್ ಎನೇಬಲ್ (ಚಿಪ್ ಪರೀಕ್ಷೆಗೆ ಬಳಸುವ ಸಿಗ್ನಲ್), ಲ್ಯಾಚ್ ಎನೇಬಲ್ (ಲ್ಯಾಚ್ ತೆರೆಯುವ ಸಿಗ್ನಲ್), ಈ ಮೂರನ್ನು ಇವತ್ತಿಗೂ ನಾನು ಕೈಯಾರೆ ತೆರೆದು ನೋಡುತ್ತೇನೆ. ನೀವೂ ನೋಡಿ.

ಪ್ರಶ್ನೆ: ನಾನು ಟೆಲಿಫೋನ್ ಲೈನ್‌ಮನ್ ಆಗಿ ನಿವೃತ್ತನಾದವನು, ಊರು ಶಿವಮೊಗ್ಗ. ಒಂದು ಲೈನಿನ ಮಾತು ಇನ್ನೊಂದರಲ್ಲಿ ಕೇಳಬಾರದು ಅಂತ ಕಂಬಗಳ ಮೇಲೆ ಅಷ್ಟಷ್ಟು ದೂರಕ್ಕೆ ಎರಡು ತಂತಿಗಳ ಜಾಗ ಅದಲುಬದಲು ಮಾಡುತ್ತಿದ್ದೆವು. ಕೇಬಲ್ ಒಳಗೆ ಜೋಡಿ ತಂತಿ ಹೊಸೆದೇ ಬರುತ್ತಿತ್ತು. ಚಿಪ್‌ನಲ್ಲೂ ಹೀಗೆ ಮಾಡುತ್ತಾರಾ?

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು ಸರ್. ಕ್ರಾಸ್‌ಟಾಕ್ ಅನ್ನುವ ಮಾತೇ ನಮಗೆ ಬಂದದ್ದು ನಿಮ್ಮ ಕಸುಬಿನಿಂದ. ನಮ್ಮ ಮನೆಗೆ ಫೋನ್ ಬಂದ ಹೊಸತರಲ್ಲಿ, ಮಳೆಗಾಲದಲ್ಲಿ ಅಜ್ಜಿ ರಿಸೀವರ್ ಎತ್ತಿದರೆ ಯಾರದೋ ಅಡಿಕೆ ರೇಟಿನ ಮಾತು ಸಣ್ಣಗೆ ಕೇಳುತ್ತಿತ್ತು. ನಾನು ಆ ಶಬ್ದವನ್ನು ಮೊದಲು ಕೇಳಿದ್ದು ಹಾಗೆ.

ಹೌದು, ಮಾಡುತ್ತಾರೆ. ಮೆಮೊರಿ ಚಿಪ್‌ಗಳಲ್ಲಿ ಬಿಟ್‌ಲೈನ್ ಅಂತ ಜೋಡಿ ವೈರ್‌ಗಳು ಉದ್ದಕ್ಕೆ ಸಾಗುತ್ತವೆ. ಅವುಗಳಲ್ಲಿ ಬರುವ ಸಿಗ್ನಲ್ ತೀರಾ ಸಣ್ಣದು, ಜೋಡಿಯ ನಡುವಿನ ವ್ಯತ್ಯಾಸ ನೋಡಿ ಅದು 0 ಅಥವಾ 1 ಅಂತ ಹೇಳಬೇಕು. ನೀವು ಕಂಬದ ಮೇಲೆ ಮಾಡುತ್ತಿದ್ದ ಹಾಗೆಯೇ ಅಲ್ಲಲ್ಲಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ದಾಟಿಸುತ್ತಾರೆ. ಆಗ ಪಕ್ಕದ ಜೋಡಿಯ ಕಾಟ ಎರಡಕ್ಕೂ ಸಮನಾಗಿ ಬೀಳುತ್ತದೆ. ವ್ಯತ್ಯಾಸ ಹಾಗೇ ಉಳಿಯುತ್ತದೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಹೊಸೆದ ಜೋಡಿ ತಂತಿಗೆ ಪೇಟೆಂಟ್ ಪಡೆದರು. ಅದೇ ಉಪಾಯ ಇಲ್ಲಿ ಕೂದಲಿಗಿಂತ ಎಷ್ಟೋ ಸಣ್ಣ ವೈರ್‌ನಲ್ಲಿ ಕೂತಿದೆ.

ಎಲ್ಲ ಕಡೆ ಮಾಡಲಾಗುವುದಿಲ್ಲ. ಚಿಪ್‌ನಲ್ಲಿ ತಂತಿಯನ್ನು ಬೆರಳಿನಿಂದ ಹೊಸೆಯುವ ಹಾಗಿಲ್ಲ. ಪ್ರತಿ ದಾಟಿಗೂ ಒಂದು ವೈರ್ ಬೇರೆ ಲೇಯರ್‌ಗೆ ಹೋಗಿ ವಾಪಸ್ ಬರಬೇಕು. ಸಾಮಾನ್ಯ ವೈರ್‌ಗಳಿಗೆ ಬೇರೆ ಉಪಾಯವಿದೆ. ಮಗ್ಗದ ಹಾಸು ಹೊಕ್ಕಿನ ಹಾಗೆ ಒಂದು ಲೇಯರ್‌ನ ವೈರ್‌ಗಳು ಉದ್ದಕ್ಕೆ, ಅದರ ಮೇಲಿನವು ಅಡ್ಡಕ್ಕೆ. ಅಡ್ಡ ಹಾಯುವ ಕಡೆ ಮಾತ್ರ ಅವು ಎದುರಾಗುತ್ತವೆ, ಕಾಟ ಕಡಿಮೆ. 1998ರ ಹೊತ್ತಿಗೆ ಬಂದ ಡೆಕ್ ಕಂಪನಿಯ ಆಲ್ಫಾ 21264 ಪ್ರೊಸೆಸರ್‌ನವರು ಇನ್ನೂ ಮುಂದೆ ಹೋದರು. ಎರಡು ಇಡೀ ಮೆಟಲ್ ಲೇಯರ್‌ಗಳನ್ನು ಸಿಗ್ನಲ್‌ಗೆ ಕೊಡದೆ ಪವರ್ ಮತ್ತು ಗ್ರೌಂಡ್ ಹಾಳೆಗಳಾಗಿ ಹಾಸಿಬಿಟ್ಟರು. ಅಷ್ಟು ಜಾಗ ಬಿಟ್ಟುಕೊಡುವ ಧೈರ್ಯ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ.

ಪ್ರಶ್ನೆ: ಮನೆ ವೈರ್‌ಗೆ ಪಿವಿಸಿ ಹೊದಿಕೆ ಇರುತ್ತದೆ. ಚಿಪ್ ಒಳಗಿನ ವೈರ್‌ಗೆ ಏನಿದೆ? ಅದನ್ನು ಬದಲಿಸಿ ಗದ್ದಲ ಕಡಿಮೆ ಮಾಡಬಹುದಾ? (ಧಾರವಾಡದ ಪಿಯು ಉಪನ್ಯಾಸಕರು)

ಉತ್ತರ: ಗಾಜು ಇದೆ ಮೇಷ್ಟ್ರೇ. ಸಿಲಿಕಾನ್ ಡೈಆಕ್ಸೈಡ್. ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 3.9. ಈ ಅಂಕಿ ಇಳಿದಷ್ಟೂ ಪಕ್ಕದ ಕಪ್ಲಿಂಗ್ ಇಳಿಯುತ್ತದೆ. ಹಾಗಾಗಿ ಗಾಜಿಗೆ ಇಂಗಾಲ ಬೆರೆಸಿ, ಒಳಗೆ ಸಣ್ಣ ಸಣ್ಣ ತೂತು ಬಿಟ್ಟು 3ಕ್ಕಿಂತ ಕೆಳಗೆ ತಂದಿದ್ದಾರೆ. ತೂತು ಜಾಸ್ತಿಯಾದರೆ ವಸ್ತು ಮೆತ್ತಗಾಗುತ್ತದೆ, ಪ್ಯಾಕೇಜ್ ಮಾಡುವಾಗ ಬಿರುಕು ಬಿಡುತ್ತದೆ. ಗಾಳಿಯ ಅಂಕಿ 1. ಇಂಟೆಲ್ 2014ರ 14 ನ್ಯಾನೋಮೀಟರ್ ಚಿಪ್‌ಗಳಲ್ಲಿ ಎರಡು ಲೇಯರ್‌ಗಳ ವೈರ್‌ಗಳ ನಡುವೆ ಬರೀ ಗಾಳಿಯ ಸಂದು ಬಿಟ್ಟಿತು. ಎಲ್ಲ ಲೇಯರ್‌ಗೂ ಹಾಗೆ ಬಿಡುವುದು ಕಷ್ಟ. ಮೇಲಿನ ಲೇಯರ್‌ಗಳನ್ನು ಹೊತ್ತು ನಿಲ್ಲಲು ಕೆಳಗೆ ಏನಾದರೂ ಗಟ್ಟಿ ಇರಬೇಕಲ್ವಾ.